ಫೋರ್ ಬೈ ಫೋರ್ ಪಿಕಪ್ ತಗೊಳ್ಳೋರು ಲಾಕ್ ಬಗ್ಗೆ ಮೊದ್ಲ ಕೇಳ್ರಿ

ಸಂಪಾದಕರಿಗೆ ನಮಸ್ಕಾರ,

ಮಳಿ ಹಿಡೀತು ಅಂದ್ರ ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ ಕಡೆ ಎರಿ ಹೊಲದ ದಾರಿ ಹೆಂಗಾಗ್ತಾವು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಂತನ ನಮ್ಮ ಮಂದಿ ಈಗ ಸಾಲಾ ಮಾಡಿ ನಾಲ್ಕೂ ಗಾಲಿಗೆ ಶಕ್ತಿ ಹೋಗೋ ಫೋರ್ ಬೈ ಫೋರ್ ಪಿಕಪ್ ತಗೋತಿದ್ದಾರ, ಒಳ್ಳೇದ, ಆದ್ರ ಹಿಂದಿನ ಡಿಫರೆನ್ಶಿಯಲ್‌ಗೆ (ಎರಡು ಗಾಲಿ ನಡುವ ಇರೋ ಗೇರಿನ ಜೋಡಣಿ) ಎರಡೂ ಗಾಲಿ ಒಂದಾಗಿ ತಿರುಗಿಸೋ ಲಾಕ್ ಐತೋ ಇಲ್ಲೋ ಅಂತ ಕೇಳೋರು ಬಾಳ ಕಡಿಮಿ. ನನ್ನ ಪ್ರಕಾರ ನಮ್ಮ ಭಾಗದಾಗ ಮೊದ್ಲ ಕೇಳಬೇಕಾದ್ದು ಅದನ್ನ.

ಗಾಡಿ ತಿರುವಿನ್ಯಾಗ ಹೊರಗಿನ ಗಾಲಿ ಜಾಸ್ತಿ ದಾರಿ ಓಡಬೇಕು, ಒಳಗಿನದು ಕಡಿಮಿ, ಹಂಗಾಗಿ ಎರಡೂ ಬ್ಯಾರೆ ಬ್ಯಾರೆ ಸ್ಪೀಡಿನ್ಯಾಗ ತಿರುಗಲಿ ಅಂತ ಡಿಫರೆನ್ಶಿಯಲ್ ಇರ್ತೈತಿ. ಆದ್ರ ಅದು ಎರಡೂ ಗಾಲಿಗೆ ಒಂದ ಸಮ ಜೋರು ಕೊಡ್ತೈತಿ. ಒಂದು ಗಾಲಿ ರಾಡಿಯೊಳಗ ಬಿತ್ತು ಅಂದ್ರ ಅದನ್ನ ತಿರುಗಿಸಾಕ ಎಷ್ಟು ಸ್ವಲ್ಪ ಜೋರು ಸಾಕೋ ಗಟ್ಟಿ ನೆಲದ ಮ್ಯಾಲಿದ್ದ ಗಾಲಿಗೂ ಅಷ್ಟ ಸಿಗ್ತೈತಿ, ಹಿಂಗಾಗಿ ಒಂದು ಗರಗರ ತಿರುಗ್ತೈತಿ ಇನ್ನೊಂದು ಸುಮ್ಮ ನಿಂತಿರ್ತೈತಿ. ಫೋರ್ ಬೈ ಫೋರ್ ಹಾಕಿದ್ರ ಮುಂದಿನ ಆಕ್ಸೆಲ್ಲಿಗೂ ಶಕ್ತಿ ಹೋಗ್ತೈತಿ ಖರೆ, ಆದ್ರ ಅಲ್ಲೂ ಅದ ಡಿಫರೆನ್ಶಿಯಲ್ ಐತಲ್ರೀ, ಮುಂದ ಒಂದು ಹಿಂದ ಒಂದು ಗಾಲಿ ಜಾರಿದ್ರ ಗಾಡಿ ಅಲ್ಲೇ ನಿಲ್ತೈತಿ. ಟ್ರ್ಯಾಕ್ಟರ್ ಹೊಡಿಯೋರಿಗೆ ಇದು ಹೊಸಾದಲ್ಲ, ಕಾಲಬುಡಕ ಇರೋ ಲಾಕ್ ಪೆಡಲ್ ತುಳಿದ ಕೂಡ್ಲೆ ಎರಡೂ ಗಾಲಿ ಒಂದಾಗಿ ಎಳೀತಾವ. ಪಿಕಪ್ಪಿಗೂ ಬೇಕಾಗಿದ್ದು ಅದ. ಅದ್ರಾಗೂ ಖಾಲಿ ಪಿಕಪ್ಪಿನ ಹಿಂಭಾಗ ಹಗೂರ ಇರ್ತೈತಿ, ಹೊಲಕ್ಕ ಖಾಲಿ ಹೋಗೂವಾಗನ ಗಾಲಿ ಜಾರೂದು ಜಾಸ್ತಿ.

ಟೊಯೊಟಾ ಹೈಲಕ್ಸ್‌ನ್ಯಾಗ ಬಟನ್ ಒತ್ತಿ ಹಾಕೋ ಲಾಕ್ ಐತಿ. ಇನ್ನ ಕೆಲವು ಗಾಡಿಗೆ ತಾನ ಬೀಳೋ ಮೆಕ್ಯಾನಿಕಲ್ ಲಾಕ್ ಇರ್ತೈತಿ, ಎರಡೂ ಗಾಲಿ ಸ್ಪೀಡಿನ ಫರಕ್ ನಿಮಿಷಕ್ಕ ಸುಮಾರು 100 ಸುತ್ತು (ಆರ್‌ಪಿಎಂ) ದಾಟಿದ್ರ ಲಾಕ್ ಆಗ್ತೈತಿ. ಬ್ರೇಕಿನ ಮೂಲಕ ಜಾರೋ ಗಾಲಿ ತಡಿಯೋ ಟ್ರ್ಯಾಕ್ಷನ್ ಕಂಟ್ರೋಲ್ ಅಂದ್ರ ಬ್ಯಾರೆನ, ಅದು ಲಾಕ್ ಅಲ್ಲ, ಒಂದು ಶೋರೂಮಿನ್ಯಾಗ ನನಗ ಎರಡೂ ಒಂದ ಅಂತ ಹೇಳಿದ್ರು, ಇಂಥದ್ದು ನಿಲ್ಲಬೇಕು.

ಡ್ರೈವರ್ ಹುಡುಗರಿಗೆ ಒಂದು ಕಳಕಳಿಯ ಮಾತು. ಡಾಂಬರಿನ ಮ್ಯಾಲ ಫೋರ್ ಬೈ ಫೋರ್ ಹಾಕಿ ಓಡಿಸಬ್ಯಾಡ್ರಿ. ನಮ್ಮ ಪಿಕಪ್ಪಿನ್ಯಾಗ ಬರೋ, ಬೇಕಾದಾಗ ಅಷ್ಟ ಹಾಕೋ ಪಾರ್ಟ್ ಟೈಮ್ ಫೋರ್ ಬೈ ಫೋರ್‌ನ್ಯಾಗ ಮುಂದಿನ ಹಿಂದಿನ ಶಾಫ್ಟ್ ಎರಡೂ ಒಂದ ಸ್ಪೀಡಿಗೆ ಕಟ್ಟಿ ಹಾಕಿರ್ತಾವ, ಮುಂದಿನ ಗಾಲಿ ತಿರುವಿನ್ಯಾಗ ದೊಡ್ಡ ಸುತ್ತು ಹೊಡಿಬೇಕು, ಆ ಫರಕ್ ಎಲ್ಲೂ ಬಿಡಾಕ ಜಾಗಾ ಇರೂದಿಲ್ಲ, ಸ್ಟಿಯರಿಂಗ್ ಬಿರುಸಾಗ್ತೈತಿ, ಟೈರ್ ತಿಕ್ಕತಾವ, ಗೇರಿನ ಡಬ್ಬಿಗೂ ಪೆಟ್ಟು. ಹಿಂದಿನ ಲಾಕಿಗೂ ಇದ ಮಾತು. ರಾಡಿ ದಾಟಿದ ಕೂಡ್ಲೆ ತೆಗಿರಿ.

ಹಂಗಂತ ಲಾಕ್ ಇದ್ರ ಎಲ್ಲಿ ಬೇಕಾದ್ರೂ ನುಗ್ಗಬಹುದು ಅಂತಲ್ಲ. ಎರಿ ಮಣ್ಣು ಟೈರಿನ ಗುಂಡಿಯೊಳಗ ತುಂಬಿಕೊಂಡು ಟೈರ್ ನುಣ್ಣಗ ಆತು, ಡಿಫರೆನ್ಶಿಯಲ್ಲಿನ ಹೊರಗಿನ ಡಬ್ಬಿ (ಹೌಸಿಂಗ್) ನೆಲಕ್ಕ ಕುಂತ್ತು ಅಂದ್ರ ಟ್ರ್ಯಾಕ್ಟರ ಕರಿಬೇಕು. ಆದ್ರ ಹೊಲದ ದಾರಿ, ಬದು, ಹಳ್ಳ ಅಂತ ಓಡಾಡೋರಿಗೆ ಒಳ್ಳೆ ಟೈರು ಹಿಂದಿನ ಲಾಕು ಇದ್ರ ಬರೇ ಹಿಂದಿನ ಎರಡು ಗಾಲಿಗೆ ಶಕ್ತಿ ಹೋಗೋ ಪಿಕಪ್ಪೂ ಬಾಳ ಕೆಲಸ ಮಾಡ್ತೈತಿ, ಲಾಕ್ ಇಲ್ಲದ ಫೋರ್ ಬೈ ಫೋರಿಗೆ ಅಷ್ಟು ರೊಕ್ಕಾ ಕೊಡೂಕಿಂತ ಮೊದ್ಲ ಇದನ್ನ ಲೆಕ್ಕ ಹಾಕ್ರಿ.

ನಿಮ್ಮ ಕೃಷಿ ಪುಟದಾಗ ಇದರ ಬಗ್ಗೆ ಚಿತ್ರ ಹಾಕಿ ಒಂದು ಲೇಖನ ಕೊಟ್ರ ಬಾಳ ಮಂದಿಗೆ ಅನುಕೂಲ ಆಗ್ತೈತಿ. ಹಳೆ ಗಾಡಿ ತಗೊಳ್ಳೋರು ಬಟನ್ ಲಾಕ್ ಖರೆ ಕೆಲಸಾ ಮಾಡ್ತೈತೋ ಇಲ್ಲೋ ಅಂತ ಹಿಂಗ ನೋಡಬಹುದು: ಮುಂದಿನ ಗಾಲಿಗೆ ಗಟ್ಟಿ ಕಲ್ಲು ಕೊಟ್ಟು, ಹಿಂದಿನ ಎರಡೂ ಗಾಲಿ ಜಾಕಿ ಮ್ಯಾಲ ಎತ್ತಿ, ಗೇರಿನ್ಯಾಗ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು ಒಂದು ಗಾಲಿ ಕೈಲೆ ತಿರುಗಿಸ್ರಿ. ಲಾಕ್ ಇಲ್ಲದಾಗ ಇನ್ನೊಂದು ಉಲ್ಟಾ ತಿರುಗ್ತೈತಿ, ಲಾಕ್ ಬಿದ್ದಿದ್ರ ಎರಡೂ ಅಲ್ಲಾಡೂದಿಲ್ಲ.

ಇಂತಿ,
ಒಬ್ಬ ರೈತ ಓದುಗ, ಅಣ್ಣಿಗೇರಿ