ವಿಶೇಷ ಅಗತ್ಯವುಳ್ಳ ಮಕ್ಕಳ ಗುರುವಾರದ ತಪಾಸಣಾ ಶಿಬಿರದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಹೋದ ವಾರ ನಿಮ್ಮಲ್ಲಿ ಕೆಲವರು ಸಹಿ ಹಾಕಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟ ಅರ್ಜಿಯ ಪ್ರತಿ ನನ್ನ ಮೇಜಿಗೂ ಬಂದಿದೆ. ನನಗೆ ಒಂದು ಮಾತು ಹೇಳದೆ ಕೊಟ್ಟಿರಿ ಅಂತ ಬೇಜಾರೇನಿಲ್ಲ. ಸ್ವಲ್ಪ ಇದೆ, ಇರಲಿ. ಅದರಲ್ಲಿ ಬರೆದಿರುವುದು ಬಹುಪಾಲು ನಿಜ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಬರಬೇಕಾದ ಸಾಧನಗಳು ಬಂದಿಲ್ಲ. ಮಗುವನ್ನು ಶಾಲೆಗೆ ಕರೆತರುವವರಿಗೆ ಕೊಡುವ ಬೆಂಗಾವಲು ಭತ್ಯೆ ಕೆಲವರ ಖಾತೆಗೆ ಬಿದ್ದಿಲ್ಲ. ಬಿಐಇಆರ್‌ಟಿ (ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿ) ಮೇಡಂ ಶಾಲೆ ಕಡೆ ಬರುವುದೇ ಅಪರೂಪ. ಇದಕ್ಕೆಲ್ಲ ನಾನೂ ಸಹಿ ಹಾಕುತ್ತೇನೆ. "ಶಾಲೆಯವರೂ ಕೈಕಟ್ಟಿ ಕೂತಿದ್ದಾರೆ" ಅನ್ನುವ ಸಾಲಿಗೆ ಮಾತ್ರ ಉತ್ತರ ಕೊಡಬೇಕಾಗಿದೆ.

ಮೊದಲು ಮೇಡಂ ವಿಷಯ. ಅವರು ನಮ್ಮ ಶಾಲೆಯ ಶಿಕ್ಷಕಿಯಲ್ಲ, ಕ್ಷೇತ್ರ ಸಂಪನ್ಮೂಲ ಕೇಂದ್ರ ಅಂದರೆ ಬಿಆರ್‌ಸಿಯವರು. ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತಬೇಕು. ಶಾಲೆಗೆ ಬರಲಾಗದೆ ಮನೆಯಲ್ಲೇ ಕಲಿಯುವ ಮಕ್ಕಳ ಮನೆಗೂ ಅವರೇ ಹೋಗಬೇಕು. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು. ಆ ಲೆಕ್ಕಕ್ಕೂ ನಮ್ಮ ತಾಲ್ಲೂಕಿನ ಲೆಕ್ಕಕ್ಕೂ ತಾಳೆಯೇ ಇಲ್ಲ. ಇದನ್ನು ಕೇಳುವ ಹಕ್ಕು ನಿಮಗಿದೆ, ಕೇಳಿ. ಆದರೆ ಬಂದಾಗ ಆ ಮೇಡಂ ಮೇಲೆ ರೇಗಬೇಡಿ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬರುವವರು ಅವರು.

ಸಾಧನಗಳ ವಿಷಯದಲ್ಲಿ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾಲ್ಕನೇ ತರಗತಿಯ ಒಂದು ಮಗುವಿಗೆ ಶ್ರವಣ ಸಾಧನ ಬಂತು. ಆದರೆ ಅಳತೆ ತೆಗೆದುಕೊಂಡು ಎಷ್ಟೋ ತಿಂಗಳಾದ ಮೇಲೆ ಬಂತು. ಅಷ್ಟರಲ್ಲಿ ಮಗು ಬೆಳೆದು ಕಿವಿಯ ಅಚ್ಚು ಸಡಿಲವಾಗಿತ್ತು. ಹಾಕಿದರೆ ಕುಂಯ್ ಅಂತ ಕೂಗುತ್ತದೆ, ಪಕ್ಕದ ಮಕ್ಕಳು ನಗುತ್ತಾರೆ. ಈಗ ಅದು ಡಬ್ಬಿಯೊಳಗೆ ಇದೆ. ಹೊಸ ಅಚ್ಚಿಗೆ ನಾವು ಬರೆದ ಪತ್ರಗಳ ಪ್ರತಿಗಳು ಶಾಲೆಯ ಕಡತದಲ್ಲಿವೆ. ಯಾರು ಬೇಕಾದರೂ ಬಂದು ನೋಡಬಹುದು. ಕಚೇರಿಗೆ ಹೋದಾಗಲೆಲ್ಲ ಸಿಗುವ ಉತ್ತರ ಒಂದೇ: "ಮೇಲಿನಿಂದ ಬರಬೇಕು, ಮೇಷ್ಟ್ರೇ."

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ದಯವಿಟ್ಟು ತಪ್ಪು ತಿಳಿಯಬೇಡಿ.

ನಿಮ್ಮ ಅರ್ಜಿಯಲ್ಲಿರುವ ಮಕ್ಕಳ ಪಟ್ಟಿಯನ್ನು ನಮ್ಮ ದಾಖಲೆಯ ಜೊತೆ ಇಟ್ಟು ನೋಡಿದೆ. ಅರ್ಧಕ್ಕರ್ಧ ಮಕ್ಕಳಿಗೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಇಲ್ಲ. ಹೋದ ವರ್ಷದ ತಪಾಸಣಾ ಶಿಬಿರಕ್ಕೂ ಅವರು ಬಂದಿಲ್ಲ. ಕರೆಯಲಿಕ್ಕೆ ನಮ್ಮ ಶಿಕ್ಷಕರು ಮನೆಗೇ ಬಂದಿದ್ದರು. ಕೆಲವು ಮನೆಗಳಲ್ಲಿ ಕಾಫಿ ಕೊಟ್ಟು ಕಳಿಸಿದಿರಿ, ಮಗುವನ್ನು ಮಾತ್ರ ಕಳಿಸಲಿಲ್ಲ.

ಯಾಕೆ ಅಂತ ನನಗೆ ಗೊತ್ತು. "ನಮ್ಮ ಮಗನಿಗೆ ಕೈಕಾಲು ಎಲ್ಲ ಸರಿ ಇದೆಯಲ್ಲ ಸಾರ್" ಅಂತ ಒಬ್ಬ ತಂದೆ ಕೇಳಿದರು. "ಹೆಣ್ಣು ಮಗು, ನಾಳೆ ಮದುವೆ ಮಾಡಬೇಕು" ಅಂತ ಒಬ್ಬ ತಾಯಿ ಅತ್ತರು. ಈ ಭಯವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಊರಿನ ಬಾಯಿ ಎಂಥದ್ದು ಅಂತ ನನಗೂ ಗೊತ್ತು.

ಆದರೂ ಕೇಳಿ. ಕೈಕಾಲು ಸರಿ ಇದ್ದ ಮಗುವಿಗೂ ಕಲಿಯುವಾಗ ತೊಂದರೆ ಇರಬಹುದು. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯವನ್ನಷ್ಟೇ ಹೆಸರಿಸಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದು 21 ಆಗಿದೆ. ಕಲಿಕಾ ನ್ಯೂನತೆ, ಆಟಿಸಂ ಕೂಡ ಸೇರಿವೆ. ಐದನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಬಾಯಲ್ಲಿ ಕೇಳಿದರೆ ಪಾಠ ಪೂರ್ತಿ ಹೇಳುತ್ತಾನೆ, ಸಂತೆ ಲೆಕ್ಕ ನನಗಿಂತ ಬೇಗ ಮಾಡುತ್ತಾನೆ. ಬೋರ್ಡ್ ನೋಡಿ ಬರೆ ಅಂದರೆ ಗಂಟೆ ಹೊಡೆಯುವ ಹೊತ್ತಿಗೆ ಎರಡನೇ ಸಾಲಿನ ಮಧ್ಯದಲ್ಲಿರುತ್ತಾನೆ, ಅದೂ ಒತ್ತಕ್ಷರಗಳೆಲ್ಲ ಬಿಟ್ಟು. ಅವನನ್ನು ಸೋಮಾರಿ ಅಂತ ಮನೆಯಲ್ಲಿ ಹೊಡೆಯುತ್ತಾರೆ. ಅವನು ಸೋಮಾರಿಯಲ್ಲ. ಏನು ತೊಂದರೆ ಅಂತ ಹೇಳಬೇಕಾದವರು ತಜ್ಞರು. ನಾನಲ್ಲ, ನೀವೂ ಅಲ್ಲ, ಪಕ್ಕದ ಮನೆಯವರಂತೂ ಅಲ್ಲವೇ ಅಲ್ಲ.

ತಪಾಸಣೆ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಅಂಟುತ್ತದೆ ಅನ್ನುತ್ತೀರಿ. ರೇಷನ್ ಕಾರ್ಡ್ ಎಲ್ಲರ ಮನೆಯಲ್ಲೂ ಇದೆ. ಅದನ್ನು ಹಣೆಗೆ ಅಂಟಿಸಿಕೊಂಡು ಯಾರಾದರೂ ತಿರುಗುತ್ತಾರಾ? ಬೇಕಾದಾಗ ತೆಗೆದು ತೋರಿಸುತ್ತೀರಿ, ಅಷ್ಟೇ. ಶಿಬಿರದ ಪಟ್ಟಿಯನ್ನು ನಾವು ನೋಟಿಸ್ ಬೋರ್ಡಿಗೆ ಹಾಕುವುದಿಲ್ಲ. ವಾಟ್ಸಾಪ್ ಗುಂಪಿಗೆ ಹಾಕುವುದಿಲ್ಲ. ಪ್ರಾರ್ಥನೆಯಲ್ಲಿ ಹೆಸರು ಓದುವುದಿಲ್ಲ. ಇದು ನನ್ನ ಮಾತು.

ಮತ್ತೆ ಹೇಳುತ್ತೇನೆ, ಕಚೇರಿ ನಿಧಾನ ನಿಜ. ಆದರೆ ಕಚೇರಿಯವರಿಗೆ "ದಾಖಲೆ ಎಲ್ಲಿ?" ಅಂತ ಕೇಳುವ ಅವಕಾಶವನ್ನು ನಾವೇ ಕೊಡುತ್ತಿದ್ದೇವೆ. ನಿಮ್ಮ ಅರ್ಜಿಗೂ ಅದೇ ಉತ್ತರ ಬರುತ್ತದೆ, ನೋಡುತ್ತಿರಿ. ಕಾರ್ಡ್ ಇಲ್ಲದ ಮಗುವಿನ ಪರವಾಗಿ ನಾನು ಎಷ್ಟು ಜೋರಾಗಿ ಮಾತಾಡಿದರೂ ಕಡತ ಮುಂದಕ್ಕೆ ಹೋಗುವುದಿಲ್ಲ. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇದ್ದರೆ 18 ವರ್ಷದವರೆಗೆ ಉಚಿತ ಶಿಕ್ಷಣ ಕಾನೂನಿನಲ್ಲೇ ಇದೆ. ವಿಶೇಷ ಅಗತ್ಯವುಳ್ಳ ಹೆಣ್ಣು ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಿಂದ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನ ಇದೆ. ಮುಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರು ಬೇಕು ಅಂದರೂ ವೈದ್ಯಕೀಯ ಪತ್ರ ಬೇಕು. ಹತ್ತನೇ ತರಗತಿಯಲ್ಲಿ ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಯಾರೂ ಏನೂ ಮಾಡಲು ಆಗುವುದಿಲ್ಲ.

ನಿಮಗೆ ಇಷ್ಟವಿಲ್ಲದಿದ್ದರೆ ಬಲವಂತವಿಲ್ಲ. ಶಿಬಿರಕ್ಕೆ ಬರದ ಮಗುವಿಗೂ ನಮ್ಮ ಶಾಲೆಯಲ್ಲಿ ಪಾಠ, ಬಿಸಿಯೂಟ, ಹಾಲು ಎಲ್ಲ ಮೊದಲಿನಂತೆಯೇ. ಅದರಲ್ಲಿ ಎಳ್ಳಷ್ಟೂ ವ್ಯತ್ಯಾಸ ಆಗುವುದಿಲ್ಲ. ಆದರೂ ಒಂದು ಸಲ ಬನ್ನಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು, ಬೇರೆ ಕೆಲವು ಪೋಷಕರಿಗೆ. "ಆ ಮಕ್ಕಳಿಂದ ನಮ್ಮ ಮಕ್ಕಳ ಓದು ಹಾಳಾಗುತ್ತಿದೆ, ಅವರನ್ನು ಬೇರೆ ಶಾಲೆಗೆ ಕಳಿಸಿ" ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಿದಿರಿ. ಕಳಿಸುವುದಿಲ್ಲ. ವಿಶೇಷ ಶಾಲೆಗೆ ಹೋಗಬೇಕೋ ಬೇಡವೋ ಅನ್ನುವುದು ಆ ಮಗುವಿನ ತಂದೆತಾಯಿಗೆ ಬಿಟ್ಟದ್ದು. ಈ ವಿಷಯ ಸಭೆಯಲ್ಲಿ ಮತ್ತೆ ಚರ್ಚೆಗೆ ಬರುವುದು ಬೇಡ.

ಬೆಂಗಾವಲು ಭತ್ಯೆ ಬಾರದವರು ಮೊದಲು ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಆಗಿದ್ದೂ ಹಣ ಬಂದಿಲ್ಲದಿದ್ದರೆ ಪಾಸ್‌ಬುಕ್ಕಿನ ಜೆರಾಕ್ಸ್ ನನಗೆ ಕೊಡಿ, ಹಾಜರಾತಿ ಪತ್ರದ ಜೊತೆ ಮತ್ತೆ ಕಳಿಸುತ್ತೇನೆ. ಯುಡಿಐಡಿ ಅರ್ಜಿ ಹಾಕಲು ಸೈಬರ್ ಸೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಕೇಳಿ, ಅದು ಅವರ ಕೆಲಸವೇ. ಇಷ್ಟಾದ ಮೇಲೂ ಕಚೇರಿ ಕದಲದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ಬರೆಯುವುದಾದರೆ ನಾನೇ ಕೂತು ಬರೆದುಕೊಡುತ್ತೇನೆ, ಶಾಲೆಯ ಪತ್ರಗಳ ಪ್ರತಿಯನ್ನೂ ಲಗತ್ತಿಸುತ್ತೇನೆ.

ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಿಆರ್‌ಸಿಯಲ್ಲಿ ಶಿಬಿರ ಇದೆ, ಮಗುವನ್ನು ಕರೆದುಕೊಂಡು ಬನ್ನಿ.

ಮಗುವಿನ ಆಧಾರ್, ಎರಡು ಫೋಟೋ, ಹಳೆಯ ಆಸ್ಪತ್ರೆ ಚೀಟಿ ಇದ್ದರೆ ಅದೂ ಇರಲಿ. ನಾನು ಮತ್ತು ನಮ್ಮ ಇಬ್ಬರು ಶಿಕ್ಷಕರು ಅಲ್ಲೇ ಇರುತ್ತೇವೆ. ಕೂಲಿ ಬಿಟ್ಟು ಬರಲಾಗದವರು ಬುಧವಾರ ಸಂಜೆಯೊಳಗೆ ತಿಳಿಸಿ. ಅಜ್ಜಿಯೋ ಚಿಕ್ಕಪ್ಪನೋ ಬಂದರೂ ನಡೆಯುತ್ತದೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ