ಭಾನುವಾರ ಕುಂಡದ ಮಣ್ಣು ಬದಲಾವಣೆ

ಡೊಂಬಿವಲಿಯ ತಾರಸಿ ತೋಟದ ಗೆಳೆಯರಿಗೆಲ್ಲ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 7ಕ್ಕೆ ಕುಂಡಗಳ ಮಣ್ಣು ಬದಲಿಸುತ್ತೇವೆ. ತಾರಸಿಯಲ್ಲಿ ಕುಂಡ ಇಟ್ಟವರೆಲ್ಲ ಬರಬೇಕು. ಅಲ್ಲಿಯವರೆಗೆ ದಯವಿಟ್ಟು ಯಾರೂ ಯೂರಿಯಾ ಹಾಕಬೇಡಿ. ಮೊನ್ನೆ ನನ್ನ ಮೆಣಸಿನ ಗಿಡವನ್ನು ಕಿತ್ತು ನೋಡಿದೆ: ಮೇಲೆ ಕಡುಹಸಿರು ಎಲೆಗಳ ದರ್ಬಾರು, ಕೆಳಗೆ ಬೆರಳುದ್ದದ ನಾಲ್ಕೇ ಬೇರು! ಯೂರಿಯಾದಲ್ಲಿರುವ ಸಾರಜನಕ ಅತಿಯಾದರೆ ಗಿಡ ಎಲೆಗೇ ಒಲಿಯುತ್ತದೆ, ಬೇರು ಸೊರಗುತ್ತದೆ.

ರಂಜಕದ ಕಥೆ ಬೇರೆ. ಅದು ಮಣ್ಣಿನಲ್ಲಿ ಹಾಕಿದಲ್ಲಿಂದ ಹೆಚ್ಚು ಕದಲುವುದಿಲ್ಲ. ಬೇರುಗಳೇ ಅದನ್ನು ಹುಡುಕಿಕೊಂಡು ಹೋಗಬೇಕು. ಹಾಗಾಗಿ ರಂಜಕವಿರುವ ಮೂಳೆಪುಡಿಯನ್ನು ಮೇಲೆ ಉದುರಿಸದೆ ಬೇರಿನ ಮಟ್ಟದಲ್ಲೇ ಬೆರೆಸೋಣ. (ಮೂಳೆ ಎಂದೊಡನೆ ಮುಖ ಸಿಂಡರಿಸುವವರಿಗೆ ರಾಕ್ ಫಾಸ್ಫೇಟ್ (ರಂಜಕವಿರುವ ಕಲ್ಲಿನ ಪುಡಿ) ಇದೆ.)

ಎರೆಗೊಬ್ಬರ ನಾನು ತರುತ್ತೇನೆ. ಕೈಗುದ್ದಲಿ, ಹಳೆಯ ಪತ್ರಿಕೆ ನೀವು ತನ್ನಿ. ನಿಮ್ಮವು ಎಷ್ಟು ಕುಂಡ ಎಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.