ಒಡೆದ ಗಾಜು ಕಸವಲ್ಲ, ಕಚ್ಚಾವಸ್ತು

ಮಾನ್ಯರೇ,

ಒಡೆದ ಗಾಜನ್ನು ಎಲ್ಲ ಕಸದ ಜೊತೆ ಬೆರೆಸಿ ಎಸೆಯುವುದರಿಂದ ಒಳ್ಳೆಯ ಕಚ್ಚಾವಸ್ತುವೊಂದು ಸುಮ್ನೆ ಮಣ್ಣುಪಾಲಾಗುತ್ತಿದೆ.

ಬಾಟಲಿ ತಯಾರಿಸುವ ಕಾರ್ಖಾನೆಗೆ ಮುಖ್ಯವಾಗಿ ಬೇಕಿರುವುದು ಸಿಲಿಕಾ ಮರಳು, ಸೋಡಾ ಆಶ್ ಮತ್ತು ಸುಣ್ಣದಕಲ್ಲು. ಇವು ಕರಗಬೇಕಾದರೆ ಕುಲುಮೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಒಮ್ಮೆ ಗಾಜಾಗಿರುವ ಚೂರು ಇದಕ್ಕಿಂತ ಬೇಗ ಕರಗುತ್ತದೆ. ಮಿಶ್ರಣದಲ್ಲಿ ಶೇ 10ರಷ್ಟು ಚೂರು ಸೇರಿಸಿದರೆ ಸುಮಾರು ಶೇ 2.5ರಿಂದ 3ರಷ್ಟು ಇಂಧನ ಉಳಿಯುತ್ತದೆ. ಸುಣ್ಣದಕಲ್ಲು ಕಾದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಕೂಡ ಕಡಿಮೆಯಾಗುತ್ತದೆ. ಎಷ್ಟು ಸಲ ಕರಗಿಸಿದರೂ ಗಾಜಿನ ಗುಣ ಕೆಡುವುದಿಲ್ಲ. ಇಂಥ ವಸ್ತು ಸಿಗುವುದೇ ಅಪರೂಪ ಅಲ್ವಾ?

ಆದರೆ ಚೂರಿನಲ್ಲಿ ಬೆರಕೆ ಇರಬಾರದು. ಪಿಂಗಾಣಿ ಬಟ್ಟಲಿನ ಒಂದು ಸಣ್ಣ ತುಣುಕು ಸೇರಿಕೊಂಡರೂ ಸಾಕು, ಅದು ಆ ಬಿಸಿಗೂ ಪೂರ್ತಿ ಕರಗದೆ ಹೊಸ ಬಾಟಲಿಯ ಮೈಯಲ್ಲಿ ಕಾಳಿನಂತೆ ಉಳಿದುಬಿಡುತ್ತದೆ. ಮುಂದೆ ಬಾಟಲಿ ಬಿರುಕು ಬಿಡುವುದೂ ಅಲ್ಲಿಂದಲೇ. ಓವನ್‌ನಲ್ಲಿಡುವ ಗಾಜಿನ ಪಾತ್ರೆಯದೂ ಇದೇ ತೊಂದರೆ. ನೋಡಲು ಗಾಜೇ ಆದರೂ ಅದನ್ನು ತಯಾರಿಸುವ ಮಿಶ್ರಣ ಬೇರೆ. ಕಸದ ರಾಶಿಯಿಂದ ಇದನ್ನೆಲ್ಲ ಆಯ್ದು ಬೇರ್ಪಡಿಸುವವರ ಕೈ ಕೊಯ್ದುಕೊಳ್ಳುವುದಂತೂ ನೋಡಲಾಗದು.

ಸ್ಥಳೀಯ ಸಂಸ್ಥೆಗಳು ಗಾಜಿಗೆಂದೇ ಪ್ರತ್ಯೇಕ ಡಬ್ಬಿಗಳನ್ನು ಇಡಬೇಕು. ಬಣ್ಣವಿಲ್ಲದ್ದು, ಹಸಿರು, ಕಂದು ಹೀಗೆ ಮೂರು ಇದ್ದರೆ ಇನ್ನೂ ಒಳ್ಳೆಯದು. ‘ಪಿಂಗಾಣಿ, ಬಲ್ಬು, ಕನ್ನಡಿ ಹಾಕಬೇಡಿ’ ಎಂದು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲಿ.

– ಒಬ್ಬ ಓದುಗ